ಅಮಾವಾಸ್ಯೆಗೊಂದು ಫೋನು

ಸಹನಾ ಹೋದ ತಿಂಗಳು ಮನೆಗೆ ಬಂದು, ಚಹಾ ಕುಡಿದು, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಮೇಡಂ, ಹೊಸದಾಗಿ ಈ ಕೆಲಸಕ್ಕ ಬರೋ ಹುಡುಗ್ಯಾರಿಗೆ ಓದಾಕ ಏನರ ಬರದ ಕೊಡ್ರಿ. ಟ್ರೇನಿಂಗಿನಾಗ ಹೇಳೋದು ಬ್ಯಾಡ, ಖರೇನ ಹೆಂಗಿರತೇತಿ ಅದನ್ನ ಬರೀರಿ" ಎಂದಳು. ನಾನು ನಿವೃತ್ತಳಾದ ಮೇಲೆ ನನ್ನ ಕುರ್ಚಿಗೆ ಬಂದವಳು ಇವಳು. ನನ್ನ ಕುರ್ಚಿಯಲ್ಲಿ ಕೂತುಕೊಂಡು ನನಗೇ ಬರೆಯಲು ಹೇಳುತ್ತಾಳಲ್ಲ ಎಂದು ಒಳಗೊಳಗೇ ಸಿಟ್ಟು ಬಂತು. ಸಿಟ್ಟಲ್ಲ, ಹೊಟ್ಟೆಕಿಚ್ಚು. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಬರೆಯಲು ಹಗುರ.

ನನ್ನ ಹುದ್ದೆಯ ಹೆಸರು ಆಪ್ತ ಸಮಾಲೋಚಕಿ. ಹೆಸರು ಭಾರಿ, ಕೆಲಸ ಮಾತ್ರ ಒಂದೇ ಸಾಲಿನದು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಾದರೂ ಯಾರಾದರೂ ಸಾಯುತ್ತೇನೆ ಅಂದರೆ, ಕೊಲ್ಲುತ್ತೇನೆ ಅಂದರೆ, ಬಾಗಿಲು ಹಾಕಿಕೊಂಡು ತೆಗೆಯುವುದೇ ಇಲ್ಲ ಅಂದರೆ ಪೊಲೀಸರ ಜೀಪು ಹತ್ತಿ ಹೋಗುವುದು. ಪೊಲೀಸರು ಹಿಂದೆ ನಿಲ್ಲಬೇಕು, ನಾನು ಮುಂದೆ ಹೋಗಿ ಮಾತಾಡಬೇಕು. ಹಳ್ಳಿಯವರು ನನ್ನನ್ನು ಪೊಲೀಸಮ್ಮ ಎಂದುಕೊಂಡರು. ಪೊಲೀಸರು ಬಹಳ ವರ್ಷ ನನ್ನನ್ನು ಹಳ್ಳಿಯವಳೆಂದೇ ತಿಳಿದಿದ್ದರು. ಈ ಎರಡರ ನಡುವೆ ನನ್ನ ಮೇಜು ಇತ್ತು: ಠಾಣೆಯಲ್ಲಿ ಜಪ್ತಿ ಮಾಡಿಟ್ಟ ಮೋಟಾರ್ ಸೈಕಲ್ಲುಗಳ ಸಾಲು ದಾಟಿ, ಬೇವಿನ ಮರಕ್ಕೆ ತೆರೆಯುವ ಕಿಟಕಿಯ ಪಕ್ಕ. ಆ ಕಿಟಕಿಗೆ ಚಿಲಕವಿರಲಿಲ್ಲ. ಗಾಳಿ ಬಂದಾಗಲೆಲ್ಲ ಬಡಿಯುತ್ತಿತ್ತು. ಅದರ ಮೇಲೆ ನೂರು ಸಲ ರೇಗಿದ್ದೇನೆ. ಈಗ ನಮ್ಮ ಮನೆಯ ಕಿಟಕಿಗಳೆಲ್ಲ ಸರಿಯಾಗಿ ಮುಚ್ಚುತ್ತವೆ, ನನಗೆ ಆ ಬಡಿತ ಬೇಕೆನಿಸುತ್ತದೆ.

ಹವಾಲ್ದಾರ ರಾಜೇಸಾಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಸವಣೂರಿನವರು. ದೊಡ್ಡ ಆಳು, ದೊಡ್ಡ ಮೀಸೆ, ದನಿ ಇನ್ನೂ ದೊಡ್ಡದು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾರ, ಲಾಠಿ ಇಲ್ದ ಏನ್ ಮಾಡ್ತೀರಿ?" ಎಂದು ಕೇಳಿದ್ದರು. ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ. ಧಾರವಾಡದಲ್ಲಿ ಓದಿದ್ದೆಲ್ಲ ಇಂಗ್ಲಿಷಿನಲ್ಲಿತ್ತು, ಇಲ್ಲಿ ಅಳುವವರೆಲ್ಲ ಕನ್ನಡದಲ್ಲಿ ಅಳುತ್ತಿದ್ದರು.

ಗೊತ್ತಾದದ್ದು ಒಂದು ಬೇಸಿಗೆಯಲ್ಲಿ, ಹುಲಗೂರಿನ ಸಮೀಪದ ಹಳ್ಳಿಯಲ್ಲಿ. ಹೆಂಡತಿ ತವರಿಗೆ ಹೋಗುತ್ತೇನೆಂದಳು, ಗಂಡ ಕೂಸನ್ನು ಕಿತ್ತುಕೊಂಡು ಒಳಗಿಟ್ಟು, ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಳಗೆ ಕೂಸು ಚೀರುತ್ತಿತ್ತು. ಜೀಪಿನ ರೇಡಿಯೇಟರ್ ದಾರಿಯಲ್ಲಿ ಕೆಟ್ಟಿದ್ದರಿಂದ ನಾವು ಉರಿಬಿಸಿಲಲ್ಲಿ ನಡೆದು ಬಂದಿದ್ದೆವು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕಲಿತ ಒಂದು ಮಾತೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ:

"ಯಣ್ಣಾ, ಕುಡಿಯಾಕ ಒಂದ ತಂಬಿಗಿ ನೀರ ಕೊಡ."

ರಾಜೇಸಾಬರು ಹಿಂದಿನಿಂದ ಹಲ್ಲು ಕಡಿದರು. "ಅಂವಾ ಕುಡಗೋಲ ಹಿಡದ ನಿಂತಾನ, ನೀವು ನೀರ ಕೇಳ್ತೀರಲ್ರಿ!"

ಆ ಮನುಷ್ಯ ನನ್ನ ಮುಖ ನೋಡಿದ. ಒಳಗೆ ಹೋದ. ಬರುವಾಗ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಬೆಲ್ಲದ ಚೂರು. "ಬಿಸಲಾಗ ಬಂದೀರಿ, ಬರೇ ನೀರ ಕುಡೀಬ್ಯಾಡ್ರಿ" ಎಂದ. ಕುಡುಗೋಲು ಒಳಗೆಲ್ಲೋ ಉಳಿದಿತ್ತು. ನಾನು ಕಟ್ಟೆಯ ಮೇಲೆ ಕೂತೆ, ಅವನೂ ಕೂತ. ಕೂತವನು ಅಳತೊಡಗಿದ. ಸ್ವಲ್ಪ ಹೊತ್ತಿಗೆ ತಾಯಿ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡಳು, ಅವನು ತಡೆಯಲಿಲ್ಲ.

ನಮ್ಮ ಕಡೆ ಮನೆ ಮುಂದೆ ಬಂದು ನೀರು ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಎಂಥ ಸಿಟ್ಟಿನವನೂ ತಂಬಿಗೆ ಹಿಡಿದ ಕೂಡಲೇ ಮನೆಯ ಯಜಮಾನ ಆಗಿಬಿಡುತ್ತಾನೆ, ನಾವು ಮನೆಗೆ ಬಂದ ಬೀಗರಾಗಿಬಿಡುತ್ತೇವೆ. ಬೀಗರೆದುರು ಹುಚ್ಚಾಟ ಮಾಡಲು ಯಾರಿಗೂ ಮನಸ್ಸಾಗದು. ಆವತ್ತಿನಿಂದ ಇದೇ ನಮ್ಮ ಪದ್ಧತಿಯಾಯಿತು. ರಾಜೇಸಾಬರು ಇದನ್ನು ತಮ್ಮದೇ ಉಪಾಯ ಎಂಬಂತೆ ಠಾಣೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಕರೆ ಬಂದಾಗ, ಟೋಪಿ ತಲೆಗಿಟ್ಟುಕೊಳ್ಳುತ್ತ, "ನಡೀರಿ ಅಕ್ಕಾರ, ನೀರ ಕುಡದ ಬರೂಣು" ಎನ್ನುತ್ತಿದ್ದರು. ರಂಜಾನಿನಲ್ಲಿ ಮಾತ್ರ ಅವರಿಗೆ ರೋಜಾ ಉಪವಾಸ. ಆ ತಿಂಗಳು ಅವರ ಪಾಲಿನ ನೀರನ್ನೂ ನಾನೇ ಕುಡಿಯಬೇಕಾಗುತ್ತಿತ್ತು. ಹೊಟ್ಟೆ ಉಬ್ಬಿಸಿಕೊಂಡು ಜೀಪು ಹತ್ತಿದ ನನ್ನನ್ನು ನೋಡಿ ಅವರು ಮೀಸೆಯೊಳಗೆ ನಗುತ್ತಿದ್ದರು.

ಫಜೀತಿಗಳೂ ಆದವು. ಆಡೂರಿನಲ್ಲಿ ಒಬ್ಬ ಹೆಣ್ಣುಮಗಳು ಗುಟ್ಟಾಗಿ ಫೋನು ಮಾಡಿ ಕರೆದಿದ್ದಳು. ಆಗಿನ ಸಾಹೇಬರು ಉತ್ಸಾಹದ ಮನುಷ್ಯ, ಸೈರನ್ ಹಾಕಿಸಿಕೊಂಡು ಅವಳ ಮನೆ ಬಾಗಿಲಿಗೇ ಜೀಪು ನುಗ್ಗಿಸಿದರು. ಇಡೀ ಓಣಿ ಹೊರಗೆ ಬಂತು. ಆಕೆ, "ನಾ ಯಾರ್ನೂ ಕರದಿಲ್ಲ" ಎಂದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಮುಂದಿನ ಸಲ ನಾವು ಆ ಊರಿನ ಹಳೆಯ ಶಾಸನದ ಕಲ್ಲುಗಳ ಹತ್ತಿರ ಜೀಪು ಬಿಟ್ಟು, ಕಲ್ಲು ನೋಡುವವರಂತೆ ನೋಡುತ್ತ ನಿಧಾನಕ್ಕೆ ಅವಳ ಓಣಿಗೆ ಹೋದೆವು. ಕಟ್ಟೆಯ ಮೇಲಿದ್ದ ಅಜ್ಜ ನನ್ನನ್ನು ಶಾಸನ ಓದುವ ಮೇಡಂ ಎಂದುಕೊಂಡು, "ಏನ ಬರದಾರ್ರಿ ಅದರಾಗ, ಬಂಗಾರ ಐತೇನು?" ಎಂದು ಬೆನ್ನು ಹತ್ತಿದ. ಅವನಿಂದ ಬಿಡಿಸಿಕೊಳ್ಳುವುದೇ ಆವತ್ತಿನ ದೊಡ್ಡ ಕೆಲಸವಾಯಿತು. ಆದರೆ ಈ ಸಲ ಆಕೆ ಬಾಗಿಲು ತೆರೆದಳು.

ಮೇಲಧಿಕಾರಿಗಳಲ್ಲಿ ತರತರದವರಿದ್ದರು. ಮೊದಲಿನ ಕಾಲದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಹೊಂದಿಸಿ ಕಳಿಸ್ರಿ. ಗಂಡ ಹೆಂಡತಿ ಒಟ್ಟಿಗೆ ಠಾಣೆಯ ಮೆಟ್ಟಿಲಿಳಿದು ಹೋದರೆ ನಾನು ಜಾಣೆ, ಬೇರೆಬೇರೆ ಇಳಿದರೆ ದಡ್ಡಿ. ಆಮೇಲೆ ಒಬ್ಬ ಮಹಿಳಾ ಅಧಿಕಾರಿ ಬಂದರು. ನಾನು ಒಂದು ಪ್ರಕರಣವನ್ನು ಉದ್ದಕ್ಕೆ ವಿವರಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆಕೀಗೆ ಏನ ಬೇಕಂತ ಕೇಳಿದ್ರೇನು?" ನಾನು ಕೇಳಿರಲಿಲ್ಲ. ನಮ್ಮ ಕೆಲಸದ ರೀತಿ ಬದಲಾದದ್ದು ಕಾನೂನಿನಿಂದ ಎಷ್ಟೋ, ಆ ಒಂದು ಪ್ರಶ್ನೆಯಿಂದಲೂ ಅಷ್ಟೇ.

ಮರುದಿನವೇ ಸವಣೂರಿನ ಮಮ್ತಾಜಬಿಯನ್ನು ಕೇಳಿದೆ. ಆಕೆ ಎಲೆ ಬಳ್ಳಿಯ ತೋಟದಿಂದ ಬಂದ ವೀಳ್ಯದೆಲೆಯನ್ನು ಜೋಡಿಸಿ ಕಟ್ಟು ಕಟ್ಟುವವಳು. ನನ್ನ ಮೇಜಿನ ಮುಂದೆ ನಾಲ್ಕು ಸಲ ಬಂದು ತುಟಿ ಬಿಚ್ಚದೆ ಹೋಗಿದ್ದಳು. ಈ ಸಲ ಎಲೆಯ ಬುಟ್ಟಿಯನ್ನೇ ತಂದುಕೊಂಡು ಬಂದಿದ್ದಳು, ಕೆಲಸ ತಪ್ಪುತ್ತದೆ ಎಂದು. ಕೈಗಳು ಎಲೆ ಜೋಡಿಸುತ್ತ ಹೋದಂತೆ ಬಾಯಿ ತಾನಾಗಿ ತೆರೆಯಿತು. "ನನಗ ಹೊಂದಾಣಿಕಿ ಬ್ಯಾಡ್ರಿ. ನಮ್ಮ ಅಬ್ಬಾ ಕೊಡಿಸಿದ ಹೊಲಿಗಿ ಮಷೀನ್ ಆ ಮನ್ಯಾಗ ಉಳದೇತಿ. ಅದ ಬೇಕು" ಎಂದಳು. ರಾಜೇಸಾಬರು ಅದನ್ನು ಹೆಗಲ ಮೇಲೆ ಹೊತ್ತು ತಂದು ಜೀಪಿಗೆ ಹಾಕಿದರು. ನಾನು ನಿವೃತ್ತಳಾದ ದಿನ ತೊಟ್ಟ ಕುಪ್ಪಸ ಆಕೆಯೇ ಹೊಲಿದುಕೊಟ್ಟದ್ದು.

ಇನ್ನು ಮಾಲತೇಶನ ವಿಷಯ. ಅವನ ಹೆಸರನ್ನೂ ಅವನ ಅಕ್ಕನ ಹೆಸರನ್ನೂ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಅಕ್ಕ ಹೇಳಿದ್ದು, "ಬರೀರಿ, ನಾ ಬೈದದ್ದನ್ನ ಮಾತ್ರ ಬಿಡಬ್ಯಾಡ್ರಿ" ಎಂದು.

ದೀಪಾವಳಿ ಮುಗಿಯುತ್ತಲೇ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಹೋರಿ ಬೆದರಿಸುವ ಹಬ್ಬ. ಹೋರಿಗಳ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಕೊಂಬಿಗೆ ಬಲೂನು ಕಟ್ಟಿ ಓಣಿಯಲ್ಲಿ ಬಿಡುತ್ತಾರೆ, ಹುಡುಗರು ಕೊಬ್ಬರಿ ಹರಿಯಲು ನುಗ್ಗುತ್ತಾರೆ. ಹಿರೇಕೆರೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ಮಾಲತೇಶನ ಹೋರಿಗೆ ಹೆಸರಿತ್ತು. ತಾನು ಹಾಲು ಕುಡಿಯದಿದ್ದರೂ ಅದಕ್ಕೆ ಕುಡಿಸಿ ಬೆಳೆಸಿದವನು. ಆ ವರ್ಷ ಅವನ ಅಕ್ಕ ನೀಲವ್ವನನ್ನೂ ಆಕೆಯ ಗಂಡನನ್ನೂ ಹಬ್ಬಕ್ಕೆ ಕರೆಸಿದ್ದ. ಅವರದು ಗೊಟಗೋಡಿ ಕಡೆಯ ಹಳ್ಳಿ. ಮಾವ, ಅಂದರೆ ಅಕ್ಕನ ಗಂಡ, ತನ್ನ ಹೋರಿ ನೋಡಲೇಬೇಕು ಎಂಬ ಹಟ ಇವನದು. ಮಾವ ಓಣಿಯ ಬದಿಗೆ ನಿಂತು ನೋಡಿದರು. ಹೋರಿ ತಿರುಗಿ ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಅವರ ಜೀವ ಹೋಗಿತ್ತು.

ಯಾರೂ ಮಾಲತೇಶನನ್ನು ದೂರಲಿಲ್ಲ. ಹಣೆಬರಹ ಎಂದರು. ನೀಲವ್ವ ಏನೂ ಅನ್ನಲಿಲ್ಲ, ತಮ್ಮನ ಮುಖ ನೋಡದೆ ಗಂಡನ ಊರಿಗೆ ಹೋದಳು. ದಿನಕರ್ಮ ಮುಗಿದ ಮೇಲೆ ಒಂದು ಬೆಳಿಗ್ಗೆ ಮಾಲತೇಶ ಊರಿನ ನೀರಿನ ಟ್ಯಾಂಕು ಹತ್ತಿ ಕೂತಿದ್ದಾನೆ ಎಂದು ಫೋನು ಬಂತು.

ನಾವು ಹೋಗುವಷ್ಟರಲ್ಲಿ ಊರಿಗೆ ಊರೇ ಕೆಳಗೆ ನೆರೆದಿತ್ತು. ಹೊಸದಾಗಿ ಬಂದಿದ್ದ ಸಾಹೇಬರು ಮೈಕು ಹಿಡಿದು, "ಇಳಿ, ಇಳಿ" ಎಂದು ಕೂಗುತ್ತಿದ್ದರು. ಆಗ ಊರ ಹಿರಿಯರೊಬ್ಬರು, "ಹೋರಿ ಅಂದ್ರ ಅವಂಗ ಜೀವ ರೀ. ಹೋರೀನ ತಂದ ನಿಲ್ಲಿಸಿದ್ರ ತಾನ ಇಳೀತಾನ" ಎಂದರು. ಎಲ್ಲರೂ ಹೌದು ಹೌದು ಎಂದರು. ಸಾಹೇಬರೂ ಹೂಂ ಎಂದರು. ನಾನು ಬೇಡ ಎನ್ನುವುದರೊಳಗೆ ನಾಲ್ಕು ಜನ ಓಡಿಹೋಗಿ ಹೋರಿಯನ್ನು ಹಿಡಿದು ತಂದೇ ಬಿಟ್ಟರು. ಪ್ರೀತಿಯಿಂದಲೇ ತಂದರು, ಮೈ ಒರೆಸಿ ತಂದರು. ಮಾಲತೇಶ ಮೇಲಿನಿಂದ ಅದನ್ನು ನೋಡಿದ. ನೋಡಿದವನು ಎದ್ದು ಟ್ಯಾಂಕಿನ ಅಂಚಿಗೆ ಬಂದು ನಿಂತ. ರಾಜೇಸಾಬರು ಯಾರನ್ನೂ ಕೇಳದೆ ಹೋರಿಯ ಹಗ್ಗ ಕಸಿದುಕೊಂಡು ಅದನ್ನು ಶಾಲೆಯ ಹಿಂದಕ್ಕೆ ಎಳೆದೊಯ್ದರು. ಹೋಗುತ್ತ ನನಗೆ ಕಣ್ಣಲ್ಲೇ ಮೇಲೆ ತೋರಿಸಿದರು.

ಹೊಸಬರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಆಮೇಲೆ ಟ್ರೇನಿಂಗಿನಲ್ಲಿ ಈ ಪ್ರಕರಣವನ್ನು ನನ್ನ ತಂತ್ರ ಎಂದು ಹೊಗಳಿದರು. ಅದು ತಂತ್ರವಾಗಿರಲಿಲ್ಲ. ನನಗೆ ಎತ್ತರವೆಂದರೆ ಚಿಕ್ಕಂದಿನಿಂದ ಭಯ. ಟ್ಯಾಂಕಿನ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಟಾಂಜನವಿರಲಿಲ್ಲ. ಅರ್ಧ ಹತ್ತಿದ್ದೆ, ಸೆರಗು ಗಾಳಿಗೆ ಎದ್ದಿತು, ಕೆಳಗೆ ನೋಡಿದೆ, ತಲೆ ಗಿರ್ ಎಂದಿತು. ಅಲ್ಲೇ ಗೋಡೆಗೆ ಆತುಕೊಂಡು ಕುಸಿದೆ.

"ಮಾಲತೇಶಾ," ಎಂದೆ, "ನನಗ ಮ್ಯಾಲೂ ಬರಾಕ ಆಗವಲ್ದು, ಕೆಳಗೂ ಇಳಿಯಾಕ ಆಗವಲ್ದು. ಖರೇ ಹೇಳ್ತೇನಿ, ನಾ ಬೀಳ್ತೇನಿ."

ಆಮೇಲೆ ಮೇಲಿನಿಂದ ಒಂದು ದನಿ: "ಕೆಳಗ ನೋಡಬ್ಯಾಡ್ರಿ."

"ಕಣ್ಣ ಮುಚ್ಚೇನಿ."

"ಗ್ವಾಡಿ ಹಿಡೀರಿ. ಅಲ್ಲೇ ಕುಂಡ್ರಿ. ಅಲಗಾಡಬ್ಯಾಡ್ರಿ, ಬಂದೆ."

ಅವನ ಪಾದಗಳ ಸದ್ದು ಒಂದೊಂದೇ ಮೆಟ್ಟಿಲು ಇಳಿದು ಬಂತು. ನನ್ನ ಮೇಲಿನ ಮೆಟ್ಟಿಲ ಮೇಲೆ ಕೂತು ನನ್ನ ರಟ್ಟೆ ಹಿಡಿದುಕೊಂಡ. ಕಣ್ಣು ಮುಚ್ಚಿಕೊಂಡೇ ಕೇಳಿದೆ, "ಏನಾತಪಾ?"

"ನಮ್ಮಕ್ಕ ನನ್ನ ಮಾರಿ ನೋಡಲಿಲ್ರಿ. ಬೈಲಿಲ್ಲ. ಬೈದಿದ್ರ ನಾ ಬದುಕ್ತಿದ್ದೆ."

ಅಕ್ಕನನ್ನು ಕರೆತಂದು ಮಾತಾಡಿಸುತ್ತೇನೆ ಎಂದು ಹೇಳಲು ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ನನ್ನ ಕೈಯಲ್ಲಿಲ್ಲದ್ದನ್ನು ಕೊಡುತ್ತೇನೆ ಎನ್ನಬಾರದು, ಇದನ್ನು ನೆನಪಿಡಿ. "ಆಕಿ ಮಾತಾಡ್ತಾಳ ಅಂತ ನಾ ಮಾತ ಕೊಡಂಗಿಲ್ಲ" ಎಂದೆ. "ಆದ್ರ ನೀ ಅದೀ ಅನ್ನೋದನ್ನ ಆಕೀಗೆ ಮುಟ್ಟಸ್ತೇನಿ. ನೀ ನನಗ ಹೇಳು, ನಾ ಆಕೀಗೆ ಹೇಳ್ತೇನಿ. ಅಷ್ಟ. ಯಾವಾಗ ಹೇಳ್ತೀ?"

ಅವನು ಯೋಚಿಸಿ ಹೇಳಿದ: "ಅಮಾಸಿಗೆ ಹೇಳ್ತೇನ್ರಿ. ಅಮಾಸಿ ದಿನ ಎತ್ತ ಹೂಡಂಗಿಲ್ಲ. ಕೈಗೆ ಕೆಲಸ ಇಲ್ಲಂದ್ರ ತಲಿ ಭಾಳ ಓಡತೇತಿ."

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿದೆವು. ಕೆಳಗೆ ರಾಜೇಸಾಬರು ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದರು. ಮೊದಲು ಅವನಿಗೆ ಕೊಟ್ಟರು, ಆಮೇಲೆ ನನಗೆ. ಆವತ್ತೇ ಅವನನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ದೆವು. ಗುಳಿಗೆ ಶುರುವಾಯಿತು, ಅವನ ಹೆಂಡತಿಗೆ ಏನೇನು ಗಮನಿಸಬೇಕೆಂದು ಹೇಳಿಕೊಟ್ಟೆವು. ಫೋನು ಒಂದೇ ಅವನನ್ನು ಉಳಿಸಿತು ಎಂದು ಯಾರೂ ತಿಳಿಯಬೇಡಿ.

ಆದರೆ ಫೋನು ಬಂತು. ಮುಂದಿನ ಅಮಾವಾಸ್ಯೆಗೆ ಕಚೇರಿಯ ಮೊಬೈಲು ಸದ್ದು ಮಾಡಿತು. "ಅಕ್ಕಾರ, ಅದೇನ್ರಿ" ಎಂದ, ಇದ್ದೇನೆ ಎಂದಷ್ಟೇ ತಿಳಿಸಿ ಇಟ್ಟ. ನಾನು ನೀಲವ್ವನಿಗೆ ಫೋನು ಹಚ್ಚಿದೆ. "ನಿಮ್ಮ ತಮ್ಮ ಅದಾನವಾ" ಎಂದೆ. ಅತ್ತಲಿಂದ "ಹೂಂ" ಎಂದು ಬಂತು, ಫೋನು ಇಟ್ಟಳು. ಆಮೇಲಿನ ಅಮಾವಾಸ್ಯೆಗೂ ಅದೇ. ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಇವನದು ಒಂದು ಮಾತು, ಆಕೆಯದು ಒಂದು ಹೂಂ, ನಡುವೆ ನಾನು. ನಮ್ಮ ಮನೆಯವರು ಗೋಡೆಯ ಪಂಚಾಂಗ ನೋಡಿ, "ನಾಳೆ ನಿನ್ನ ಅಮಾಸಿ ಬೀಗರ ಫೋನ್ ಬರತೇತಿ, ದೌಡ ಅಡಗಿ ಮಾಡು" ಎಂದು ಚಾಷ್ಟಿ ಮಾಡುತ್ತಿದ್ದರು. ನೀಲವ್ವನ ಹೂಂಗಳಲ್ಲಿ ನಾನು ಏನೇನೋ ಹುಡುಕುತ್ತಿದ್ದೆ. ಇವತ್ತು ಸ್ವಲ್ಪ ಉದ್ದವಾಗಿತ್ತೇ? ದನಿ ಒದ್ದೆಯಾಗಿತ್ತೇ? ಪಂಚಮಿ ಬಂದಾಗಲೆಲ್ಲ ಅಕ್ಕತಂಗಿಯರನ್ನು ಕರೆತರಲು ಬಸ್ಸು ಹತ್ತುವ ಗಂಡಸರನ್ನು ಕಂಡು ಮಾಲತೇಶನ ನೆನಪಾಗಿ ಸಂಕಟವಾಗುತ್ತಿತ್ತು.

ಒಂದು ಮಳೆಗಾಲ, ನಾಗರ ಅಮಾವಾಸ್ಯೆಯ ದಿನ, ಫೋನು ಬರಲಿಲ್ಲ. ಮಧ್ಯಾಹ್ನವಾಯಿತು. ನಾನೇ ಹಚ್ಚಿದರೆ ಹತ್ತಲಿಲ್ಲ. ಹಿರೇಕೆರೂರು ಠಾಣೆಗೆ ಹೇಳಿ ಆ ಊರಿಗೆ ಒಬ್ಬರನ್ನು ಕಳಿಸಿದೆ. ಅಷ್ಟರಲ್ಲಿ ಮೊಬೈಲು ಸದ್ದು ಮಾಡಿತು. ನೀಲವ್ವ. ಇಷ್ಟು ವರ್ಷದಲ್ಲಿ ಆಕೆಯಾಗಿ ಮಾಡಿದ್ದು ಅದೇ ಮೊದಲು.

"ಅಕ್ಕಾರ, ಇವತ್ತ ನಿಮ್ಮ ಫೋನ್ ಬರಲಿಲ್ಲ" ಎಂದಳು. ಆಮೇಲೆ ಕೇಳಿದಳು, "ನನ್ನ ತಮ್ಮ ಅದಾನಿಲ್ರಿ?"

ನನಗೆ ಗೊತ್ತಿಲ್ಲ ಎಂದು ಹೇಳಬೇಕಾಯಿತು. ಆಕೆ ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಇಬ್ಬರೂ ಸುಮ್ಮನೆ ಕಿವಿಗೆ ಹಿಡಿದು ಕೂತೆವು. ಆಗ ರಾಜೇಸಾಬರ ಮೊಬೈಲಿಗೆ ಗೊತ್ತಿಲ್ಲದ ಯಾವುದೋ ನಂಬರಿನಿಂದ ಕರೆ ಬಂತು. ಅವರು ಕೇಳಿದರು, ಮೀಸೆ ಅಗಲವಾಯಿತು, ಮೊಬೈಲನ್ನು ತಂದು ನನ್ನ ಮೊಬೈಲಿಗೇ ಹಿಡಿದರು. ಮಾಲತೇಶ ಏದುಸಿರು ಬಿಡುತ್ತ ಹೇಳುತ್ತಿದ್ದ: "ಅದೇನ್ರಿ! ಟಾವರ್ ಕೆಟ್ಟೇತಿ. ಗುಡ್ಡ ಹತ್ತಿ ಬಂದು ಮಂದಿ ಫೋನಿನಿಂದ ಮಾಡೇನಿ, ಅಕ್ಕಾರ ಫೋನ್ ಹತ್ತವಲ್ದು. ಅಕ್ಕಗ ಹೇಳ್ರಿ, ಅದೇನಿ!"

ನೀಲವ್ವ ಬೋರಾಡಿ ಅತ್ತಳು. ಗಂಡ ಸತ್ತಾಗಲೂ ಆಕೆ ಹಾಗೆ ಅತ್ತಿರಲಿಲ್ಲವಂತೆ. ಅಳು ಮುಗಿದ ಮೇಲೆ ಹೇಳಿದಳು, "ಪಂಚಮಿಗೆ ಕರ್ಯಾಕ ಬಾ ಅನ್ರಿ ಅವಂಗ. ಬರಲಿ. ಬೈತೇನಿ." ರಾಜೇಸಾಬರು ಕಣ್ಣೊರೆಸಿಕೊಂಡು, "ಹತ್ತೋದೊಂದ ಬಿಡವಲ್ಲ ನೋಡ್ರಿ ಮಗಾ" ಎಂದರು.

ಪಂಚಮಿಗೆ ಮಾಲತೇಶ ಹೋದ. ನೀಲವ್ವ ಬಾಗಿಲಲ್ಲೇ ನಿಲ್ಲಿಸಿ, ಓಣಿಯ ಜನ ನೆರೆಯುವಷ್ಟು ಬೈದಳಂತೆ. ಹೋರಿ ಸಾಕಿದ್ದಕ್ಕೆ ಬೈದಳು, ಹಬ್ಬಕ್ಕೆ ಕರೆಸಿದ್ದಕ್ಕೆ ಬೈದಳು, ಟ್ಯಾಂಕು ಹತ್ತಿದ್ದಕ್ಕೆ ಬೈದಳು, ಇಷ್ಟು ವರ್ಷ ಬಾರದೆ ಇದ್ದದ್ದಕ್ಕೆ ಎಲ್ಲಕ್ಕಿಂತ ಜೋರಾಗಿ ಬೈದಳು. ಗಂಟಲು ಒಣಗಿದ ಮೇಲೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವನ ಕೈಗೆ ಕೊಟ್ಟಳು. ಇದನ್ನು ಅವನು ಫೋನಿನಲ್ಲಿ ಹೇಳುವಾಗ ನಗುತ್ತಿದ್ದ.

ಅಲ್ಲಿಗೆ ಅಮಾವಾಸ್ಯೆಯ ಫೋನು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅವನಿಗೆ ಅಭ್ಯಾಸವಾಗಿತ್ತು. ನನಗೂ ಆಗಿತ್ತು ಎಂಬುದು ನಿವೃತ್ತಿಯ ದಿನ ತಿಳಿಯಿತು. ಹಾರ ಹಾಕಿದರು, ಶಾಲು ಹೊದಿಸಿದರು, ಕೊನೆಗೆ ಕಚೇರಿಯ ಮೊಬೈಲನ್ನು ಸಹನಾಳ ಕೈಗೆ ಕೊಡಬೇಕಾಯಿತು. ಒಪ್ಪಿಸಿದ ಮೇಲೆ ಹಿಂದಿರುಗಿ ಕೇಳಬಾರದು, ಹೊಸಬರ ಹೆಗಲ ಮೇಲೆ ಬಗ್ಗಿ ನೋಡಬಾರದು: ಎಲ್ಲರಿಗೂ ಕಲಿಸಿದ ನಿಯಮ ನನ್ನದೇ. ಆದ್ದರಿಂದ ಕೇಳಲಿಲ್ಲ. ಮೊದಲ ಅಮಾವಾಸ್ಯೆ ಬಂತು. ಮಾಲತೇಶ ಹೊಸ ದನಿ ಕೇಳಿ ಹೆದರಿ ಇಟ್ಟುಬಿಟ್ಟನೇ? ಸಹನಾಳಿಗೆ ಅವನ ಒಂದು ಮಾತಿನ ಬೆಲೆ ತಿಳಿಯಿತೇ? ನಮ್ಮ ಮನೆಯವರು ಪಂಚಾಂಗ ನೋಡಿದರು, ಚಾಷ್ಟಿ ಮಾಡಲಿಲ್ಲ. ಹಳೆಯ ಅಭ್ಯಾಸದಲ್ಲಿ ರಾಜೇಸಾಬರಿಗಾದರೂ ಹಚ್ಚೋಣ ಎಂದು ಕೈ ಹೋಯಿತು. ಅವರು ತೀರಿಕೊಂಡು ಆಗಲೇ ಒಂದು ರಂಜಾನು ಕಳೆದಿತ್ತು. ನೀರು ಕುಡಿದು ಬರೋಣ ಎಂದು ಕರೆಯುವವರು ಈಗ ಯಾರೂ ಇಲ್ಲ. ನನಗೆ ಬಾಯಾರಿಕೆಯೇನೋ ಹಾಗೇ ಇದೆ.

ಈ ವರ್ಷದ ನಾಗರ ಅಮಾವಾಸ್ಯೆಗೆ ತಡೆಯಲಾಗಲಿಲ್ಲ. ಮನೆಯವರಿಗೆ ಹೇಳಿ ಹಿರೇಕೆರೂರಿನ ಬಸ್ಸು ಹತ್ತಿದೆ. ಕೇಳಬಾರದು ಎಂಬುದು ನಿಯಮ, ಹೋಗಬಾರದು ಎಂದೇನೂ ಇಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಊರಿನಲ್ಲಿಳಿದಾಗ ಮೊದಲು ಕಂಡದ್ದು ಆ ಟ್ಯಾಂಕು. ಈಗ ಮೆಟ್ಟಿಲಿಗೆ ಕಟಾಂಜನ ಹಾಕಿದ್ದಾರೆ, ಕೆಳಗೆ ಬೀಗದ ಗೇಟಿದೆ. ನೆರಳಿನಲ್ಲಿ ಹೆಜ್ಜೆ ಚುರುಕು ಮಾಡಿ ದಾಟಿದೆ.

ಮಾಲತೇಶನ ಮನೆ ಮುಂದೆ ಮಕ್ಕಳು ಜೋಕಾಲಿ ಕಟ್ಟುತ್ತಿದ್ದರು. ನಾನು ಅಂಗಳಕ್ಕೆ ಕಾಲಿಟ್ಟೆ. ನೀರು ಕೇಳುವ ಮೊದಲೇ ಒಬ್ಬ ಹೆಂಗಸು ತಂಬಿಗೆ ಹಿಡಿದು ಹೊರಗೆ ಬಂದಳು. ನೀಲವ್ವ. ಪಂಚಮಿಗೆ ಆಗಲೇ ತವರಿಗೆ ಬಂದಿದ್ದಳು. ಇನ್ನೊಂದು ಕೈಯಲ್ಲಿ ಬೆಲ್ಲದ ಬದಲು ಎಳ್ಳಿನ ಉಂಡೆ ಇತ್ತು.

ಮಾಲತೇಶ ಓಡಿಬಂದು ಕಾಲಿಗೆ ಬಿದ್ದ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿವೆ. "ಮುಂಜಾನೇನ ಹೇಳೇನ್ರಿ ಅಕ್ಕಾರ, ಸಣ್ಣ ಅಕ್ಕಾರಿಗೆ. ಹೋದ ತಿಂಗಳ ಇಲ್ಲೇ ಬಂದಿದ್ರು. ಈ ಕಟ್ಟೀ ಮ್ಯಾಲೆ ಕುಂತು, ನೀರ ಕೇಳಿ ಕುಡದ ಹೋದ್ರು" ಎಂದ.

ನನಗೆ ಸಂತೋಷವಾಯಿತು. ಸುಳ್ಳೇಕೆ, ಅದರ ಹಿಂದೆಯೇ ಎದೆಯಲ್ಲಿ ಏನೋ ಖಾಲಿಯಾಯಿತು. ಫೋನು ಸರಿಯಾದ ಕೈಗೆ ಹೋಗಿತ್ತು, ನೀರು ಕೇಳುವುದನ್ನೂ ಸಹನಾ ಕಲಿತಿದ್ದಳು. ನನ್ನಿಂದ ಆಗಬೇಕಾದ್ದು ಇಲ್ಲಿ ಏನೂ ಉಳಿದಿರಲಿಲ್ಲ. ಉಂಡೆ ಮುರಿಯುತ್ತ, ಮಕ್ಕಳು ಚೆನ್ನಾಗಿದ್ದಾರಾ, ಬೆಳೆ ಹೇಗಿದೆ ಎಂದೆಲ್ಲ ಕೇಳಿದೆ. ಉತ್ತರಗಳು ನನ್ನ ತಲೆಗೆ ಹೋಗಲಿಲ್ಲ.

ನೀಲವ್ವ ನನ್ನನ್ನೇ ನೋಡುತ್ತಿದ್ದಳು. ಬರೀ ಹೂಂ ಎಂದು ವರ್ಷಗಳನ್ನು ಕಳೆದವಳಿಗೆ ಮಾತಾಡದವರ ಮುಖ ಓದಲು ಬರುತ್ತದೆ.

"ನಮ್ಮನ್ನ ನೀವು ಕೇಳಿದ್ರಿ" ಎಂದಳು. "ನಿಮ್ಮನ್ನ ಯಾರ ಕೇಳ್ತಾರ್ರಿ, ಅದೀರೋ ಇಲ್ಲೋ ಅಂತ?"

ಮನೆಯವರಿದ್ದಾರೆ ಎನ್ನಬಹುದಿತ್ತು, ನಗಬಹುದಿತ್ತು. ತಂಬಿಗೆ ಎತ್ತಿ ನೀರು ಕುಡಿದೆ.

"ಅಮಾಸಿಗೊಮ್ಮೆ ನನಗ ಫೋನ್ ಮಾಡ್ರಿ" ಎಂದಳು ನೀಲವ್ವ. "ಭಾಳ ಮಾತ ಬ್ಯಾಡ. ಅದೇನಿ ಅನ್ರಿ, ಸಾಕು."

ಇವತ್ತು ಅಮಾವಾಸ್ಯೆ. ಬೆಳಿಗ್ಗೆಯಿಂದ ಇದನ್ನು ಬರೆಯುತ್ತ ಕೂತಿದ್ದೇನೆ. ಸಂಜೆ ಸಹನಾ ಬಂದು ಒಯ್ಯುತ್ತಾಳೆ. ಮನೆಯವರು ಎರಡು ಸಲ ಬಂದು ಪಂಚಾಂಗದ ಮುಂದೆ ನಿಂತು ಕೆಮ್ಮಿ ಹೋದರು. ಪೆನ್ನು ಕೆಳಗಿಟ್ಟು ಫೋನು ಹಚ್ಚಿದೆ. ಎರಡನೇ ರಿಂಗಿಗೇ ಎತ್ತಿದಳು.

"ನೀಲವ್ವಾ," ಎಂದೆ, "ಅದೇನಿ."

"ಹೂಂ" ಎಂದಳು.